ಹೆಸರು ಕೇಳದ ಎಣಿಕೆ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಹೆಸರಾದ ಈ ಊರಿಗೆ ವಿಕಿಪೀಡಿಯದಲ್ಲಿ ಒಂದು ಪುಟವಿದೆ. ಆ ಪುಟ ಯಾವ ದಿನ ಎಷ್ಟು ಸಲ ತೆರೆಯಿತು ಎಂಬ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ಪುಟಪುಟದ ಇಂಥ ಅಂಕಿಗಳು ಈಗಿನ ರೂಪದಲ್ಲಿ 2015ರ ಜುಲೈನಿಂದ ಈಚೆಗೆ ಸಿಗುತ್ತವೆ. ತೆರೆದವರು ಯಾರು ಎಂಬುದು ಮಾತ್ರ ಸಿಗುವುದಿಲ್ಲ. ಸಿಗಬಾರದು ಕೂಡ.

ವಿದುರಾಶ್ವತ್ಥದಲ್ಲಿ ನಾಗಪೂಜೆ ಮಾಡಿಸುವಾಗ ಸಂಕಲ್ಪಕ್ಕೆ ಹೆಸರು, ಗೋತ್ರ, ನಕ್ಷತ್ರ ಹೇಳುತ್ತೇವೆ. ಆದರೆ ಜಾತ್ರೆಗೆ ಎಷ್ಟು ಜನ ಬಂದರೆಂದು ಅಂದಾಜು ಮಾಡಲು ಅವು ಯಾವುವೂ ಬೇಡ, ಚಪ್ಪಲಿ ಬಿಟ್ಟ ಕಡೆ ಜೊತೆ ಎಣಿಸಿದರೆ ಸಾಕು. ಜಾಲತಾಣಗಳಲ್ಲಿ ಬಹುಕಾಲ ನಡೆದುಬಂದದ್ದು ಬರೀ ಎಣಿಕೆಗೂ ಗೋತ್ರ ವಿಚಾರಿಸುವ ಪದ್ಧತಿ. ಪ್ರತಿ ಬ್ರೌಸರಿಗೂ ಒಂದು ಗುರುತಿನ ಸಂಖ್ಯೆ ಅಂಟಿಸಿ, ಅದು ಹೋದಲ್ಲೆಲ್ಲ ಹಿಂಬಾಲಿಸಲಾಗುತ್ತಿತ್ತು. ಒಬ್ಬರು ಓದಿದ ಪುಟಗಳನ್ನು ಸಾಲಾಗಿ ಜೋಡಿಸಿದರೆ ಅವರ ಕಾಯಿಲೆ, ಸಾಲ, ಪಕ್ಷ, ನಂಬಿಕೆ ಎಲ್ಲವೂ ಬಯಲಾಗುತ್ತದೆ.

ವಿಕಿಪೀಡಿಯ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿದೆ. ಈ ಎಣಿಕೆಗೆ ಅದು ಬ್ರೌಸರಿನಲ್ಲಿ ಇಡುವ ಕುಕಿ ಎಂಬ ಪುಟ್ಟ ಟಿಪ್ಪಣಿಯಲ್ಲಿ ಇರುವುದು ಕೊನೆಯ ಭೇಟಿಯ ತಾರೀಖು ಮಾತ್ರ. ನೀವು ಮತ್ತೆ ಬಂದಾಗ ಸರ್ವರ್ ಆ ತಾರೀಖನ್ನು ನೋಡುತ್ತದೆ. ಇಂದಿನದೇ ಇದ್ದರೆ ನಿಮ್ಮನ್ನು ಆಗಲೇ ಎಣಿಸಿಯಾಗಿದೆ. ಹಳೆಯದಿದ್ದರೆ ಇಂದಿನ ಲೆಕ್ಕಕ್ಕೆ ಒಂದು ಕೂಡುತ್ತದೆ. ನಿನ್ನೆ ಬಂದವರೆಲ್ಲರ ಬಳಿಯೂ ಒಂದೇ ತಾರೀಖು ಇರುವುದರಿಂದ ಚಿಂತಾಮಣಿಯವರು ಯಾರು, ಶಿಡ್ಲಘಟ್ಟದವರು ಯಾರು ಎಂದು ಅದರಿಂದ ಬೇರ್ಪಡಿಸಲಾಗದು. ಪ್ಲಾಸಿಬಲ್‌ನಂಥ ಎಣಿಕೆಯ ಸಾಧನಗಳು ಕುಕಿಯನ್ನೇ ಇಡುವುದಿಲ್ಲ. ಐಪಿ ವಿಳಾಸ, ಬ್ರೌಸರಿನ ವಿವರ ಮುಂತಾದವನ್ನು ಆ ದಿನದ ಒಂದು ರಹಸ್ಯ ಸಂಕೇತದ ಜೊತೆ ಬೆರೆಸಿ, ಹಿಂದಕ್ಕೆ ಬಿಡಿಸಲಾಗದ ಅಕ್ಷರಮಾಲೆಯಾಗಿ ಮಾಡುತ್ತವೆ. ರಹಸ್ಯ ಸಂಕೇತವನ್ನು 24 ಗಂಟೆಗೊಮ್ಮೆ ಅಳಿಸಿಹಾಕುತ್ತವೆ.

ಹೀಗೆ ಬಂದ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಒಬ್ಬ ವಿದ್ಯಾರ್ಥಿನಿ ಪುಟವನ್ನು ನಾಲ್ಕು ಸಲ ತೆರೆದರೆ ಪುಟವೀಕ್ಷಣೆ ನಾಲ್ಕು, ಸಂದರ್ಶಕಿ ಒಬ್ಬಳೇ. ಅವಳು ಬೆಳಿಗ್ಗೆ ಬಂದು ಸಂಜೆ ಮತ್ತೆ ಬಂದರೆ ಭೇಟಿ ಎರಡು. ಸಾಮಾನ್ಯವಾಗಿ ಅರ್ಧ ಗಂಟೆ ಸದ್ದಿಲ್ಲದಿದ್ದರೆ ಒಂದು ಭೇಟಿ ಮುಗಿಯಿತೆಂದು ಲೆಕ್ಕ. ಶಾಲೆಯ ಒಂದೇ ಕಂಪ್ಯೂಟರಿನಲ್ಲಿ ಇಡೀ ತರಗತಿ ಓದಿದರೂ ಅದು ಒಂದೇ ಯಂತ್ರ. ಆ ತರಗತಿಯ ಮೇಷ್ಟ್ರು ಒಬ್ಬರೇ ಮೊಬೈಲಿನಲ್ಲೂ ಲ್ಯಾಪ್‌ಟಾಪಿನಲ್ಲೂ ನೋಡಿದರೆ ಎರಡು. ದಿನದಿನಕ್ಕೂ ರಹಸ್ಯ ಸಂಕೇತ ಬದಲಾಗುವ ಕಡೆ, ಐದು ದಿನ ಬಂದವರು ತಿಂಗಳ ಮೊತ್ತದಲ್ಲಿ ಐವರಾಗಿ ಕಾಣುತ್ತಾರೆ. ಖಾಸಗಿತನ ಕಾಯಲು ತೆರುವ ಬೆಲೆ ಇದು, ದುಬಾರಿಯೇನಲ್ಲ.

ಜನ ಹೆಚ್ಚು ತಪ್ಪಾಗಿ ಓದುವುದು ಬೌನ್ಸ್ ರೇಟ್ ಎಂಬ ಅಂಕಿಯನ್ನು. ಒಂದೇ ಪುಟಕ್ಕೆ ಮುಗಿದ ಭೇಟಿಗಳ ಶೇಕಡಾವಾರು ಅದು. ಅದು ಏರಿದರೆ ತಾಣ ಸೋತಿತೆಂದು ಗಾಬರಿಯಾಗುತ್ತಾರೆ. ದೇವಸ್ಥಾನ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ನೋಡಲು ಬಂದವರು ಉತ್ತರ ಸಿಕ್ಕಿದ ಮೇಲೆ ಯಾಕೆ ನಿಲ್ಲಬೇಕು? ಪುಟದಲ್ಲಿ ಕಳೆದ ಸಮಯವೂ ಹಾಗೆಯೇ. ಹಲವು ಸಾಧನಗಳು ಮುಂದಿನ ಪುಟ ತೆರೆದ ಗಳಿಗೆಯಿಂದ ಹಿಂದಿನದನ್ನು ಕಳೆದು ಅದನ್ನು ತಿಳಿಯುತ್ತವೆ. ಮುಂದಿನ ಪುಟವೇ ಇಲ್ಲದವರು ಹತ್ತು ನಿಮಿಷ ಮನಸಿಟ್ಟು ಓದಿದ್ದರೂ ದಾಖಲಾಗುವುದು ಸೊನ್ನೆ. ಮನುಷ್ಯರಲ್ಲದ ಬಾಟ್‌ಗಳನ್ನು ಬೇರ್ಪಡಿಸದಿದ್ದರಂತೂ ಯಾವ ಅಂಕಿಯನ್ನೂ ನಂಬುವಂತಿಲ್ಲ.

ಬರೀ ಮೊತ್ತವೂ ಕೆಲವೊಮ್ಮೆ ಗುಟ್ಟು ಬಿಡುತ್ತದೆ. ಒಂದು ಸಣ್ಣ ದೇಶದಿಂದ ಇಬ್ಬರೇ ಒಂದು ಪುಟ ಓದಿದ್ದರೆ ಅವರನ್ನು ಊಹಿಸುವುದು ಸುಲಭ. ಅದಕ್ಕೇ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2023ರಲ್ಲಿ ದೇಶವಾರು ಅಂಕಿಗಳನ್ನು ಪ್ರಕಟಿಸುವಾಗ, ಬೇಕೆಂದೇ ಅವುಗಳಲ್ಲಿ ಚೂರು ಏರುಪೇರು ಬೆರೆಸಿತು. ದೊಡ್ಡ ಸಂಖ್ಯೆಗೆ ಇದರಿಂದ ಧಕ್ಕೆಯಿಲ್ಲ, ಒಬ್ಬೊಬ್ಬ ಓದುಗರಿಗೆ ಮರೆ ಸಿಗುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಿಮ್ಮ ಶಾಲೆಗೋ ಸಂಘಕ್ಕೋ ದೇವಸ್ಥಾನಕ್ಕೋ ಜಾಲತಾಣ ಮಾಡಿಸುತ್ತಿದ್ದರೆ, ಓದುಗರ ಈ ಹಕ್ಕು ಉಳಿಯಲು ಮಾಡಿಕೊಡುವವರನ್ನು ಎರಡು ಪ್ರಶ್ನೆ ಕೇಳಿ: ಬಂದವರ ಐಪಿ ವಿಳಾಸ ಎಷ್ಟು ದಿನ ಉಳಿಯುತ್ತದೆ? ಈ ಅಂಕಿಗಳು ಇನ್ಯಾರ ಕೈಗೆ ಹೋಗುತ್ತವೆ? ಉತ್ತರ ಸ್ಪಷ್ಟವಾಗಿ ಬರುವ ತನಕ ಎಣಿಕೆಯ ಸಾಧನ ಹಾಕಿಸಬೇಡಿ.