ಸಾಂದ್ರತೆ 21.5: ಕೊಳಲಿನ ಹೊಸ ದನಿಗಳು

ಪ್ಲಾಟಿನಂ ಲೋಹದ ಸಾಂದ್ರತೆ ಎಷ್ಟು? ಘನ ಸೆಂಟಿಮೀಟರಿಗೆ ಸುಮಾರು 21.5 ಗ್ರಾಂ. ಭೌತಶಾಸ್ತ್ರದ ಕೋಷ್ಟಕದಲ್ಲಿ ಸಿಗುವ ಈ ಅಂಕಿ ಒಂದು ಸಂಗೀತ ಕೃತಿಯ ಹೆಸರೂ ಹೌದು. ಫ್ರೆಂಚ್ ಕೊಳಲುವಾದಕ ಜಾರ್ಜ್ ಬಾರೇರ್ ಅವರ ಪ್ಲಾಟಿನಂ ಕೊಳಲಿಗಾಗಿ 1936ರಲ್ಲಿ ಎಡ್ಗಾರ್ ವರೇಸ್ 'ಡೆನ್ಸಿಟಿ 21.5' ರಚಿಸಿದರು. ಪಕ್ಕವಾದ್ಯವಿಲ್ಲ, ಕೆಲವೇ ನಿಮಿಷಗಳ ಒಂಟಿ ಕೊಳಲು.

ಹೆಸರಿನಲ್ಲಿ ಲೋಹವಿದ್ದರೂ ದನಿಯಲ್ಲಿ ಅದರ ಪಾಲು ತೀರ ಕಡಿಮೆ. ಕಂಪಿಸುವುದು ನಳಿಕೆಯೊಳಗಿನ ಗಾಳಿಯ ಸ್ತಂಭ. ಅಮೆರಿಕದ ಜಾನ್ ಕೋಲ್ಟ್‌ಮನ್ ಬೆಳ್ಳಿ, ತಾಮ್ರ, ಮರಗಳಲ್ಲಿ ಒಂದೇ ಅಳತೆಯ ನಳಿಕೆಗಳನ್ನು ಮಾಡಿ ಪರೀಕ್ಷಿಸಿ 1971ರಲ್ಲಿ ಫಲಿತಾಂಶ ಪ್ರಕಟಿಸಿದರು: ಕಣ್ಣಿಗೆ ಕಾಣದಂತೆ ನುಡಿಸಿದಾಗ ಕೇಳುಗರಿಗೆ ವ್ಯತ್ಯಾಸ ತಿಳಿಯಲಿಲ್ಲ. ಚಿನ್ನದ ಕೊಳಲಿಗೆ ಹಣ ಸುರಿದವರು ಇದನ್ನು ಒಪ್ಪುವುದಿಲ್ಲ, ಆ ಮಾತು ಬೇರೆ!

ನಮ್ಮ ಬಿದಿರ ಕೊಳಲಿಗೆ ಬೆರಳೇ ಮುಚ್ಚಳ. ಪಾಶ್ಚಾತ್ಯ ಕೊಳಲಿನ ರಂಧ್ರಗಳನ್ನು ಮುಚ್ಚುವುದು ಮೆತ್ತೆ ಅಂಟಿಸಿದ ಲೋಹದ ಕೀಲಿಗಳು. ಅವುಗಳ ಟಕಟಕ ಸದ್ದು ಕೇಳಿಸದಂತೆ ನುಡಿಸಬೇಕೆಂಬುದೇ ಹಿಂದಿನ ಪಾಠ. ವರೇಸ್ ಕೃತಿಯ ನಡುವೆ ಆ ಸದ್ದನ್ನೇ ಕೇಳಿಸುವಂತೆ ಬರೆದರು. ಅದು ಬರೀ ಗದ್ದಲವಲ್ಲ. ಖಾಲಿ ಬಾಟಲಿಯ ಬಾಯಿಗೆ ಅಂಗೈಯಿಂದ ತಟ್ಟಿ ನೋಡಿ: ಒಂದು ಸ್ವರ ಕೇಳುತ್ತದೆ. ನೀರು ತುಂಬಿಸುತ್ತ ಹೋದರೆ ಗಾಳಿಯ ಸ್ತಂಭ ಗಿಡ್ಡವಾಗಿ ಸ್ವರ ಏರುತ್ತದೆ. ಕೀಲಿ ಬಡಿದಾಗಲೂ ಹೀಗೆಯೇ, ಒಳಗಿನ ಗಾಳಿಗೆ ಪೆಟ್ಟು ಬಿದ್ದು ಅದು ತನ್ನ ಸಹಜ ಆವೃತ್ತಿಯಲ್ಲಿ ನುಡಿಯುತ್ತದೆ.

1958ರಲ್ಲಿ ಇಟಲಿಯ ಲುಚಿಯಾನೊ ಬೇರಿಯೊ ಮುಂದಿನ ಹೆಜ್ಜೆಯಿಟ್ಟರು. ವಾದಕ ಸೆವೆರಿನೊ ಗಜ್ಜೆಲೋನಿಗಾಗಿ ಬರೆದ 'ಸೆಕ್ವೆಂಜಾ'ದಲ್ಲಿ ಒಂದೇ ಕೊಳಲು ಒಂದೆಡೆ ಎರಡು ಸ್ವರಗಳನ್ನು ಒಟ್ಟಿಗೆ ನುಡಿಯುತ್ತದೆ. ಸಾಮಾನ್ಯವಾಗಿ ನಳಿಕೆಯ ಅನುರಣನ ಆವೃತ್ತಿಗಳು ಹೆಚ್ಚುಕಡಿಮೆ 1, 2, 3ರ ಅನುಪಾತದಲ್ಲಿದ್ದು ಒಂದೇ ಸ್ವರವಾಗಿ ಬೆಸೆದುಕೊಳ್ಳುತ್ತವೆ. ನಡುವೆ ಒಂದು ರಂಧ್ರವನ್ನು ಅಸಹಜವಾಗಿ ತೆರೆದಿಟ್ಟರೆ ಈ ಅನುಪಾತ ಕೆಡುತ್ತದೆ. ಉಸಿರನ್ನು ನಾಜೂಕಾಗಿ ಹಿಡಿದರೆ ಎರಡು ಆವೃತ್ತಿಗಳೂ ಬೇರೆಬೇರೆಯಾಗಿ ಉಳಿಯುತ್ತವೆ. ಕಾಗದದ ಮೇಲೆ ಸುಲಭ, ತುಟಿಗೆ ಬಹಳ ಕಷ್ಟ.

ಆಮೇಲೆ ಇಂಥ ತಂತ್ರಗಳ ಸುಗ್ಗಿಯೇ ಆಯಿತು. ಅನೇಕ ಕೃತಿಗಳು ಚಮತ್ಕಾರಗಳ ಪಟ್ಟಿಯಂತಿವೆ, ಒಮ್ಮೆ ಕೇಳಿದರೆ ಸಾಕೆನಿಸುತ್ತದೆ. ಜಪಾನಿನ ತೋರು ತಾಕೆಮಿತ್ಸು 1971ರಲ್ಲಿ ಬರೆದ 'ವಾಯ್ಸ್' ಹಾಗಲ್ಲ. ಇಲ್ಲಿ ವಾದಕ ಊದುತ್ತಲೇ ಮಾತನಾಡುತ್ತಾನೆ, ಪಿಸುಗುಟ್ಟುತ್ತಾನೆ, ಕೂಗುತ್ತಾನೆ. ತುಟಿಯ ಬಳಿಯೇ ರಂಧ್ರವಿರುವುದರಿಂದ ಮಾತು ನಳಿಕೆಯೊಳಕ್ಕೆ ಹೊಕ್ಕು ಸ್ವರದೊಡನೆ ಬೆರೆಯುತ್ತದೆ. ಧ್ವನಿಮುದ್ರಿಕೆ ಸಿಕ್ಕರೆ ಕಣ್ಣು ಮುಚ್ಚಿ ಕೇಳಿ. ಮಾತು ಎಲ್ಲಿ ನಿಂತಿತು, ಕೊಳಲು ಎಲ್ಲಿ ಶುರುವಾಯಿತು ಎಂದು ಗುರುತಿಸಬಲ್ಲಿರಾ?