ಮೊಣಕಾಲು ಶಸ್ತ್ರಚಿಕಿತ್ಸೆಯ ನಂತರ ನೋವಿನ ಗುಳಿಗೆ: ಎಷ್ಟು, ಎಲ್ಲಿಯವರೆಗೆ?

ಮೊಣಕಾಲಿನ ಕೀಲು ಬದಲಾಯಿಸಿಕೊಂಡು ಮನೆಗೆ ಹೊರಟವರಿಗೆ ಬರೆದುಕೊಡುವ ಗುಳಿಗೆಗಳಲ್ಲಿ ಟ್ರಮಡಾಲ್ ಎಂಬುದೂ ಇರಬಹುದು. ಇದು ಸಾಮಾನ್ಯ ನೋವಿನ ಗುಳಿಗೆಯಲ್ಲ. ಅಫೀಮಿನಂತೆಯೇ ಮಿದುಳಿನ ಮೇಲೆ ಕೆಲಸ ಮಾಡಿ ನೋವಿನ ಅರಿವನ್ನು ತಗ್ಗಿಸುತ್ತದೆ. ಬಹಳ ದಿನ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ಮೊದಲಿನಷ್ಟು ಗುಳಿಗೆ ಸಾಲದಾಗುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇದನ್ನು ಮಾದಕ ವಸ್ತುಗಳ ಕಾಯ್ದೆಯಡಿ ತಂದಿದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ.

ಹಾಗೆಂದು ಹೆದರಿ ಮೊದಲ ದಿನಗಳಲ್ಲೇ ಗುಳಿಗೆ ಬಿಡಬೇಡಿರಿ. ನೋವಿನಿಂದ ಕಾಲು ಮಡಚದೆ ಕುಳಿತರೆ ಹೊಸ ಕೀಲು ಬಿಗಿದುಕೊಳ್ಳುತ್ತದೆ. ನೋವು ಪೂರ್ತಿ ಹೋಗಬೇಕೆಂದಿಲ್ಲ, ವಾಕರ್ ಹಿಡಿದು ನಡೆಯುವಷ್ಟು, ವ್ಯಾಯಾಮ ಮಾಡುವಷ್ಟು ತಗ್ಗಿದರೆ ಸಾಕು. ವ್ಯಾಯಾಮದ ನಂತರ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಟ್ಟರೆ ಬಾವೂ ನೋವೂ ಇಳಿಯುತ್ತವೆ. ಮೊಣಕಾಲಿನ ಕೆಳಗೆ ದಿಂಬು ಇಟ್ಟು ಮಲಗುವುದು ಹಿತವೆನಿಸಿದರೂ ಬೇಡ, ಕಾಲು ನೇರವಾಗದೆ ಉಳಿಯುತ್ತದೆ.

ನೋವು ಕಡಿಮೆಯಾದಂತೆ ಮೊದಲು ಇಳಿಸಬೇಕಾದದ್ದು ಟ್ರಮಡಾಲ್. ಪ್ಯಾರಾಸಿಟಮಾಲ್ ವೈದ್ಯರು ಬರೆದಂತೆ ನಡೆಯಲಿ. ಆದರೆ ಕೆಲವು ಟ್ರಮಡಾಲ್ ಗುಳಿಗೆಗಳಲ್ಲೇ ಪ್ಯಾರಾಸಿಟಮಾಲ್ ಬೆರೆತಿರುತ್ತದೆ. ಎರಡನ್ನೂ ಲೆಕ್ಕ ಹಿಡಿಯದಿದ್ದರೆ ಲಿವರಿಗೆ ಪೆಟ್ಟು. ಹಲವು ವಾರ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಬೆವರು, ಚಡಪಡಿಕೆ, ನಿದ್ದೆಗೇಡು, ಭೇದಿ ಆಗಬಹುದು. ಅಂಥವರು ವೈದ್ಯರನ್ನು ಕೇಳಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಇದು ನಾಚಿಕೆಪಡುವ ವಿಷಯವಲ್ಲ, ಔಷಧಿಯ ಗುಣವೇ ಹಾಗೆ.

ಇನ್ನು ಮನೆಯವರಿಗೆ. ಖಾನಾಪುರದಾಚೆ ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯವರಿಗೆ ಮಳೆಗಾಲದಲ್ಲಿ ಬೆಳಗಾವಿಗೆ ಬಂದು ಹೋಗುವುದೇ ಒಂದು ಕೆಲಸ. ಅದಕ್ಕೆಂದು ಹಳೆಯ ಚೀಟಿ ತೋರಿಸಿ ಗುಳಿಗೆ ತಂದು ಕೂಡಿಡಬೇಡಿರಿ. ಮೊದಲು ಆಸ್ಪತ್ರೆಗೆ ಫೋನ್ ಮಾಡಿರಿ. ರಾತ್ರಿ ಅಜ್ಜಿ ನರಳುವುದನ್ನು ನೋಡಲಾರದೆ ಮಗ ಇನ್ನೊಂದು ಗುಳಿಗೆ ಕೊಡುವುದು ಪ್ರೀತಿಯಿಂದಲೇ, ಆದರೆ ಅಪಾಯವಿರುವುದೂ ಅಲ್ಲೇ. ನಿದ್ದೆಗುಳಿಗೆ ಅಥವಾ ಮದ್ಯ ಜೊತೆಗೂಡಿದರೆ ಉಸಿರಾಟವೇ ನಿಧಾನವಾಗಬಹುದು. ಎಬ್ಬಿಸಿದರೂ ಸರಿಯಾಗಿ ಎಚ್ಚರಾಗದಿದ್ದರೆ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿರಿ. ಮೂರ್ಛೆರೋಗ ಇದ್ದವರು, ಮನೋರೋಗದ ಗುಳಿಗೆ ನುಂಗುವವರು ಅದನ್ನು ವೈದ್ಯರಿಗೆ ಮುಂಚೆಯೇ ಹೇಳಬೇಕು. ಮಲಬದ್ಧತೆ ಬಹುತೇಕ ಬಂದೇ ಬರುತ್ತದೆ. ನೀರು, ಸೊಪ್ಪು, ಹಣ್ಣು ಸಾಲದಿದ್ದರೆ ಔಷಧಿ ಕೇಳಿರಿ.

ಇಳಿಯುತ್ತಿದ್ದ ನೋವು ಮತ್ತೆ ಏರಿದರೆ, ಗಾಯ ಸೋರಿದರೆ, ಜ್ವರ ಬಂದರೆ, ಮೀನಖಂಡ ಬಾತು ನೋಯ್ದರೆ ಗುಳಿಗೆ ಹೆಚ್ಚಿಸಿ ಸುಮ್ಮನಿರದೆ ಅದೇ ದಿನ ಬಂದು ತೋರಿಸಿರಿ. ಎದೆನೋವು, ಉಬ್ಬಸ ಕಂಡರೆ ಕೂಡಲೇ 108.