ಆಮೆಯನ್ನು ಮನೆಗೆ ತರಬಹುದೇ?

ಸಿಂಧನೂರಿನ ಬಳಿ ಭತ್ತದ ಗದ್ದೆಯ ಬದುವಿನಲ್ಲಿ ಅಂಗೈಯಗಲದ ಆಮೆಯೊಂದು ನಿಮ್ಮ ಮಕ್ಕಳ ಕಣ್ಣಿಗೆ ಬಿತ್ತೆನ್ನಿ. ಅದನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಮನೆಗೆ ಬಂದು, “ಅಪ್ಪಾ, ಸಾಕೋಣ” ಎನ್ನುತ್ತಾರೆ. ಆಮೆ ಮನೆಯಲ್ಲಿದ್ದರೆ ಶುಭವೆಂದು ನೆರೆಯವರೂ ದನಿಗೂಡಿಸುತ್ತಾರೆ. ಆಗ ನೀವು ಏನು ಹೇಳುವಿರಿ?

ಮೊದಲು ಅದರ ಕಾಲುಗಳನ್ನು ನೋಡಿ. ಬೆರಳುಗಳ ನಡುವೆ ಪೊರೆಯಿದ್ದರೆ ಅದು ನೀರಾಮೆ. ಕೆರೆ, ಕಾಲುವೆ, ಗದ್ದೆಗಳಲ್ಲಿ ಬಸವನಹುಳು, ಮೀನು, ಕಪ್ಪೆ, ನೀರುಗಿಡಗಳನ್ನು ತಿಂದು ಬದುಕುವ ಜೀವಿ. ನೀರು ಬತ್ತಿದಾಗ ಕೆಸರಿನೊಳಗೆ ಹೂತುಕೊಂಡು ನಿಶ್ಚಲವಾಗಿರುವುದೂ ಉಂಟು. ಅದನ್ನು ಸತ್ತಿತೆಂದು ಎಸೆಯಬಾರದು. ಕಾಲು ಆನೆಯ ಕಾಲಿನಂತೆ ಕಂಬವಾಗಿದ್ದರೆ ಅದು ನೆಲದಾಮೆ. ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ ಬಿಡಿಸಿದಂತಿರುವ ನಕ್ಷತ್ರ ಆಮೆ ಈ ಜಾತಿಯದು. ಒಣ ಕುರುಚಲು ನೆಲದಲ್ಲಿ ಹುಲ್ಲು, ಹೂವು, ಉದುರಿದ ಹಣ್ಣು ತಿನ್ನುತ್ತದೆ. ಪುಣ್ಯವೆಂದು ಇದನ್ನು ಬಾವಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ.

ಚಿಪ್ಪು ಆಮೆಗೆ ಅಂಗಿಯಲ್ಲ, ಅಂಗವೇ. ಬೆನ್ನುಮೂಳೆ, ಪಕ್ಕೆಲುಬುಗಳು ಅದರೊಡನೆ ಬೆಸೆದುಕೊಂಡಿವೆ. ಅದಕ್ಕೆ ತೂತು ಕೊರೆದು ದಾರ ಕಟ್ಟುವುದು ಎಲುಬನ್ನೇ ಕೊರೆದಂತೆ. ಬಿಸಿಲೂ ಸುಣ್ಣದ ಅಂಶವೂ ಸಾಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ನಡುಮನೆಯ ಬಕೆಟ್ಟಿನಲ್ಲಿ ಅನ್ನದ ಅಗುಳು ಹಾಕಿ ಸಾಕಿದ ಆಮೆ ತಿಂಗಳುಗಟ್ಟಲೆ ಉಸಿರಾಡುತ್ತಿರಬಹುದು. ಅದು ಬಾಳುತ್ತಿದೆಯೆಂದಲ್ಲ, ನಿಧಾನವಾಗಿ ಸಾಯುತ್ತಿದೆಯೆಂದು ಅರ್ಥ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇವುಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. 2022ರ ತಿದ್ದುಪಡಿಯ ಬಳಿಕ ನಕ್ಷತ್ರ ಆಮೆಯೂ ನಮ್ಮ ಗದ್ದೆಯ ನೀರಾಮೆಯೂ ಒಂದನೆಯ ಅನುಸೂಚಿಯಲ್ಲಿವೆ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನೂ 2019ರಲ್ಲಿ ನಿಷೇಧಿಸಲಾಯಿತು. ಸಾಕುವವರ ಪ್ರೀತಿಯೇ ಕಳ್ಳಸಾಗಣೆಗೆ ಗಿರಾಕಿಯಾದುದು ಇದಕ್ಕೆ ಕಾರಣ.

ಈ ಕಾಳಜಿ ನಮ್ಮ ನೆಲಕ್ಕೆ ಹೊಸದಲ್ಲ. ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. 1915ರಲ್ಲಿ ಅಲ್ಲಿ ಬೆಳಕಿಗೆ ಬಂದ ಬಂಡೆಶಾಸನ ಅಶೋಕನ ಹೆಸರನ್ನೇ ಹೇಳುತ್ತದೆ. ಅದರಲ್ಲಿ ಆಮೆಯ ಪ್ರಸ್ತಾಪವಿಲ್ಲ. ಆದರೆ ಅದೇ ದೊರೆ ಪಟ್ಟವೇರಿದ 26 ವರ್ಷಗಳ ಬಳಿಕ ಉತ್ತರ ಭಾರತದ ಸ್ತಂಭಗಳ ಮೇಲೆ ಬರೆಸಿದ ಐದನೆಯ ಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯಿದೆ. ವಿದ್ವಾಂಸರು ಅದರಲ್ಲಿ ಆಮೆಯನ್ನು ಗುರುತಿಸಿದ್ದಾರೆ.

ಹಾಗಾದರೆ ಮಾಡತಕ್ಕದ್ದೇನು? ಈಗತಾನೆ ಸಿಕ್ಕ, ಗಾಯವಿಲ್ಲದ ಆಮೆಯನ್ನು ಸಿಕ್ಕಿದ ಜಾಗದಲ್ಲೇ ಬಿಡಿ. ಚಿಪ್ಪು ಒಡೆದಿದ್ದರೆ, ಬಾಯಿಗೆ ಗಾಳ ಸಿಕ್ಕಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಬಹುದಿನ ಮನೆಯಲ್ಲಿದ್ದ ಆಮೆಯನ್ನೂ ಅವರಿಗೇ ಒಪ್ಪಿಸಿ; ಅದು ರೋಗ ಹೊತ್ತಿರಬಹುದು, ಆದುದರಿಂದ ನೀವೇ ಕೆರೆಗೆ ಬಿಡಬೇಡಿ. ಪೇಟೆಯ ಗಾಜಿನ ತೊಟ್ಟಿಗಳಲ್ಲಿ ಮಾರುವ ಕೆಂಪು ಕಿವಿಯ ಆಮೆ ಅಮೆರಿಕದ್ದು. ನಾಣ್ಯದಷ್ಟಿದ್ದದ್ದು ತಟ್ಟೆಯಷ್ಟಾಗಿ ಬೆಳೆಯುತ್ತದೆ. ಬೇಸತ್ತು ಕಾಲುವೆಗೆ ಬಿಟ್ಟರೆ ನಮ್ಮ ಆಮೆಗಳ ಆಹಾರಕ್ಕೂ ನೆಲೆಗೂ ಪೈಪೋಟಿಗೆ ನಿಲ್ಲುತ್ತದೆ.

ಸಂಜೆ ಮಕ್ಕಳನ್ನು ಕರೆದುಕೊಂಡು ಅದೇ ಬದುವಿಗೆ ಹೋಗಿ. ಆಮೆಯನ್ನು ನೀರಂಚಿನಲ್ಲಿಟ್ಟು ಹಿಂದೆ ಸರಿದು ನಿಲ್ಲಿ. ಮೊದಲು ಮೂಗು, ಆಮೇಲೆ ಕುತ್ತಿಗೆ, ಕಡೆಗೆ ನಾಲ್ಕು ಕಾಲು ಹೊರಬರುವುದನ್ನು ಅವರು ನೋಡಲಿ. ಬಕೆಟ್ಟಿನಲ್ಲಿ ಅದು ಅಷ್ಟು ಧೈರ್ಯವಾಗಿ ತಲೆ ಎತ್ತಿರಲಿಲ್ಲವೆಂಬುದು ಅವರಿಗೇ ತಿಳಿಯುತ್ತದೆ.